ಹಾಡಿದೋರು ಗೊತ್ತು, ಬರೆದೋರು ಯಾರು? ಆಂಡಿ ರಜಾಫ್ ಪ್ಲೇಟುಗಳನ್ನ ಹುಡುಕೋ ದಾರಿ

ನಮ್ಮಲ್ಲಿ ಯಾರ ಮುಂದಾದ್ರೂ ಒಂದು ಹಳೇ ಹಾಡು ಗುನುಗಿ ಇದು ಯಾರ ಹಾಡು ಅಂತ ಕೇಳಿ ನೋಡಿ. ರಾಜ್‌ಕುಮಾರ್ ಹಾಡು ಅಂತಾರೆ, ಸ್ವಲ್ಪ ತಿಳಿದೋರಾದ್ರೆ ಪಿ.ಬಿ. ಶ್ರೀನಿವಾಸ್ ಅಂತಾರೆ, ಇನ್ನೂ ತಿಳಿದೋರಾದ್ರೆ ಜಿ.ಕೆ. ವೆಂಕಟೇಶ್ ಅಂತಾರೆ, ಚಿ. ಉದಯಶಂಕರ್ ಹೆಸರು ಬಂದ್ರೆ ನಾಲ್ಕನೇದಾಗಿ ಬರುತ್ತೆ, ಬರದೇನೂ ಇರಬಹುದು. ಅಮೆರಿಕದಲ್ಲೂ ಇದೇ ಕಥೆ. ಪಿಯಾನೋ ನುಡಿಸಿ ಹಾಡ್ತಿದ್ದ ಫ್ಯಾಟ್ಸ್ ವಾಲರ್ ಗೊತ್ತು, ಟ್ರಂಪೆಟ್ ಊದಿ ಹಾಡ್ತಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ ಗೊತ್ತು, ಡ್ಯಾನ್ಸ್ ಬ್ಯಾಂಡ್ ನಡೆಸ್ತಿದ್ದ ಗ್ಲೆನ್ ಮಿಲ್ಲರ್ ಗೊತ್ತು, ಈ ಮೂರೂ ಜನರ ಹೆಸರಾದ ಪ್ಲೇಟುಗಳಿಗೆ, ಅಂದ್ರೆ ಗ್ರಾಮಫೋನ್ ರೆಕಾರ್ಡುಗಳಿಗೆ, ಮಾತು ಬರೆದ ಆಂಡಿ ರಜಾಫ್ ಯಾರು ಅಂತ ಕೇಳಿದ್ರೆ ಜಾಝ್ ಕೇಳೋರೇ ಒಂದು ನಿಮಿಷ ತಲೆ ಕೆರ್ಕೋತಾರೆ.

ಹಳೇ ಕಾಲದ ಹಾಡು ಬರೆದೋರೊಬ್ಬರ ರೆಕಾರ್ಡ್ ಆದ ಕೆಲಸವನ್ನೆಲ್ಲ ಕೂತಲ್ಲೇ, ಒಂದು ಲ್ಯಾಪ್‌ಟಾಪು ಒಂದು ಹೆಡ್‌ಫೋನು ಇಟ್ಕೊಂಡು ಹೇಗೆ ಕಲೆ ಹಾಕೋದು ಅಂತ ಹೇಳೋಕೆ ಇದನ್ನ ಬರೀತಿದೀನಿ. ಉದಾಹರಣೆಗೆ ರಜಾಫ್‌ನನ್ನೇ ತಗೊಂಡೆ, ಯಾಕಂದ್ರೆ ಈ ಹುಡುಕಾಟದಲ್ಲಿ ಎಷ್ಟು ಥರ ದಾರಿ ತಪ್ಪೋಕೆ ಸಾಧ್ಯವೋ ಅಷ್ಟೂ ಇವನೊಬ್ಬನ ಕೇಸಲ್ಲೇ ಸಿಗುತ್ತೆ.

ಆಸಾಮಿ ಯಾರು ಅಂತ ಚಿಕ್ಕದಾಗಿ ಹೇಳ್ಬಿಡ್ತೀನಿ. ಹುಟ್ಟಿದ್ದು 1895ರ ಡಿಸೆಂಬರಲ್ಲಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ. ಅಪ್ಪ ಮಡಗಾಸ್ಕರ್ ರಾಜಮನೆತನದ ಸಂಬಂಧಿ, ಫ್ರೆಂಚರು ಆ ದೇಶ ಹಿಡಿದಾಗ ಸತ್ತುಹೋದ. ಅಮ್ಮನ ಅಪ್ಪ ಜಾನ್ ವಾಲರ್, ಗುಲಾಮನಾಗಿ ಹುಟ್ಟಿ ಕೊನೆಗೆ ಮಡಗಾಸ್ಕರಲ್ಲಿ ಅಮೆರಿಕದ ಕಾನ್ಸುಲ್ ಆದ ಮನುಷ್ಯ. (ಇವನ ಜೊತೆ ಟ್ಯೂನ್ ಹಾಕಿದ ಫ್ಯಾಟ್ಸ್ ವಾಲರ್‌ಗೂ ಈ ವಾಲರ್ ಮನೆತನಕ್ಕೂ ಏನೂ ಸಂಬಂಧ ಇಲ್ಲ, ಇದು ಎಲ್ರಿಗೂ ಆಗೋ ಕನ್‌ಫ್ಯೂಷನ್.) ನ್ಯೂಯಾರ್ಕಲ್ಲಿ ಲಿಫ್ಟ್ ಓಡಿಸ್ತಿದ್ದ ಹುಡುಗ, 1913ರಲ್ಲಿ ಇವನ ಒಂದು ಹಾಡು ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳ ಬೀದಿ) ಶೋ ಒಂದರಲ್ಲಿ ಸೇರ್ಕೊಳ್ತು. ಆಮೇಲೆ ಎಷ್ಟೋ ವರ್ಷ ದೊಡ್ಡದಾಗಿ ಏನೂ ಆಗ್ಲಿಲ್ಲ, ಕರಿಯರ ಪತ್ರಿಕೆಗಳಿಗೆ ಖಡಕ್ ರಾಜಕೀಯ ಪದ್ಯ ಬರೀತಿದ್ದ. 1928–29ರ ಹೊತ್ತಿಗೆ ಏಕ್‌ದಂ ಏರಿದ. 1973ರಲ್ಲಿ ತೀರ್ಕೊಂಡ, ಅದಕ್ಕೆ ಒಂದು ವರ್ಷ ಮುಂಚೆ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮಿಗೆ ಸೇರಿಸಿದ್ರು.

ಈಗ ಕೆಲಸಕ್ಕೆ ಬರೋಣ.

ಪ್ಲೇಟಿಂದ ಶುರು ಮಾಡ್ಬೇಡಿ

ಎಲ್ರೂ ಮೊದಲು ಮಾಡೋದು ಏನಂದ್ರೆ ಯೂಟ್ಯೂಬಲ್ಲಿ ಬರೆದೋರ ಹೆಸರು ಹೊಡೆಯೋದು. ಬರೋದು ಹತ್ತಿಪ್ಪತ್ತು ಫೇಮಸ್ ಹಾಡು ಮಾತ್ರ, ಯಾಕಂದ್ರೆ ಅಪ್‌ಲೋಡ್ ಮಾಡೋರು ಹಾಡಿದೋರ ಹೆಸರು ಹಾಕ್ತಾರೆ, ಬ್ಯಾಂಡ್ ಹೆಸರು ಹಾಕ್ತಾರೆ, ಬರೆದೋರದ್ದು ಹಾಕಲ್ಲ. ಹಾಗಾಗಿ ಮೊದಲು ಬೇಕಾಗಿರೋದು ಹಾಡುಗಳ ಟೈಟಲ್ ಲಿಸ್ಟು, ಪ್ಲೇಟು ಆಮೇಲೆ.

ಲಿಸ್ಟಿಗೆ ನಂಬಬಹುದಾದ ಜಾಗ ಅಂದ್ರೆ ಅಮೆರಿಕದ ಕಾಪಿರೈಟ್ ಆಫೀಸಿನೋರು ವರ್ಷ ವರ್ಷ ಅಚ್ಚು ಹಾಕಿಸ್ತಿದ್ದ ಕ್ಯಾಟಲಾಗ್ ಆಫ್ ಕಾಪಿರೈಟ್ ಎಂಟ್ರೀಸ್. ಅದರಲ್ಲಿ ಸಂಗೀತಕ್ಕೆ ಅಂತಾನೇ ಬೇರೆ ಭಾಗ ಇದೆ, ಸ್ಕ್ಯಾನ್ ಮಾಡಿದ್ದು ಇಂಟರ್ನೆಟ್ ಆರ್ಕೈವಲ್ಲಿ ಫ್ರೀಯಾಗಿ ಸಿಗುತ್ತೆ. ಒಂದೊಂದು ಹಾಡಿಗೂ ಮಾತು ಯಾರದ್ದು, ಟ್ಯೂನ್ ಯಾರದ್ದು ಅಂತ ಬೇರೆ ಬೇರೆಯಾಗಿ ಹಾಕಿರ್ತಾರೆ. ಪ್ಲೇಟಿನ ಲೇಬಲಲ್ಲಿ ಸಿಗದೇ ಇರೋ ಮಾಹಿತಿ ಇದೇ ನೋಡಿ. ಅಚ್ಚಾದ ಹಾಡೋ, ಅಚ್ಚಾಗದೆ ಬರೀ ನೋಂದಣಿ ಆದದ್ದೋ ಅನ್ನೋದೂ ಗೊತ್ತಾಗುತ್ತೆ. ಸ್ಕ್ಯಾನಿನ ಒಳಗೆ ಸರ್ಚ್ ಮಾಡೋವಾಗ ಒಂದೇ ಸ್ಪೆಲ್ಲಿಂಗ್ ನಂಬ್ಕೋಬೇಡಿ, ಅಕ್ಷರ ಅಳಿಸಿಹೋಗಿ ಕಂಪ್ಯೂಟರು ತಪ್ಪು ಓದಿರುತ್ತೆ. ಆಗ ಕೊನೇಲಿರೋ ಇಂಡೆಕ್ಸಿಗೆ ಹೋಗಿ ಕಣ್ಣಲ್ಲೇ ಓದ್ಬೇಕು, ಬೇರೆ ದಾರಿ ಇಲ್ಲ.

ಇಲ್ಲೊಂದು ಒಳದಾರಿ ಇದೆ. ಆಗಿನ ಅಮೆರಿಕದ ಕಾನೂನಲ್ಲಿ ಕಾಪಿರೈಟ್ 28 ವರ್ಷಕ್ಕೆ ಮುಗೀತಿತ್ತು, ಮುಂದುವರೀಬೇಕು ಅಂದ್ರೆ ರಿನ್ಯೂ ಮಾಡಿಸ್ಬೇಕಿತ್ತು. ಅಂದ್ರೆ 1929ರ ಹಾಡುಗಳ ರಿನ್ಯೂವಲ್ ಎಂಟ್ರಿಗಳು 1956–57ರ ಕ್ಯಾಟಲಾಗಲ್ಲಿ ಬರುತ್ವೆ. ಯೌವನದಲ್ಲಿ ದುಡ್ಡಿಗಾಗಿ ಹಾಡು ಮಾರ್ಕೊಂಡಿದ್ದೋರು 28 ವರ್ಷ ಆದ್ಮೇಲೆ ಇದು ನಂದು ಅಂತ ಕ್ಲೇಮ್ ಮಾಡೋದು ಇಲ್ಲೇ. ಎರಡೂ ವರ್ಷದ ಪುಸ್ತಕ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ, ಹೆಸರುಗಳಲ್ಲಿ ವ್ಯತ್ಯಾಸ ಕಂಡ್ರೆ ಅಲ್ಲಿ ಏನೋ ಕಥೆ ಇದೆ ಅಂತಾನೇ ಅರ್ಥ.

ಹೆಸರಿನ ಕಾಟ

ಇವನ ನಿಜವಾದ ಹೆಸರು ಆಂಡ್ರಿಯಾಮೆಂಟೇನಿಯಾ ಪಾಲ್ ರಜಾಫಿಂಕೆರೀಫೋ. ಅಷ್ಟುದ್ದ ಲೇಬಲ್ ಮೇಲೆ ಹಿಡಿಯಲ್ಲ, ಅದಕ್ಕೇ ರಜಾಫ್ ಅಂತ ಕತ್ತರಿಸ್ಕೊಂಡ. ಆದ್ರೆ ಶುರುವಿನ ಪದ್ಯಗಳು ಹುಡುಕೋದಾದ್ರೆ ಉದ್ದ ಹೆಸರಲ್ಲೇ ಹುಡುಕ್ಬೇಕು, ಅದರದ್ದೂ ಎರಡು ಮೂರು ಸ್ಪೆಲ್ಲಿಂಗು ಓಡಾಡುತ್ತೆ.

ಇದಕ್ಕಿಂತ ದೊಡ್ಡ ತಲೆನೋವು ಜೊತೆಗಾರರದ್ದು. ಪ್ಲೇಟಿನ ಲೇಬಲಲ್ಲಿ ಹಾಡಿನ ಹೆಸರಿನ ಕೆಳಗೆ ಬ್ರ್ಯಾಕೆಟ್ ಹಾಕಿ ಬರೀ ಸರ್‌ನೇಮು ಹಾಕ್ತಾರೆ, ಮಧ್ಯೆ ಒಂದು ಗೆರೆ ಎಳೀತಾರೆ, ಅಷ್ಟೇ. ಯಾರು ಮಾತು, ಯಾರು ಟ್ಯೂನು ಅಂತ ಹೇಳಲ್ಲ, ಮೊದಲು ಬಂದೋನೇ ಬರೆದೋನು ಅಂತಾನೂ ಏನಿಲ್ಲ. ರಜಾಫ್ ಪಕ್ಕ "ಜಾನ್ಸನ್" ಅಂತ ಕಂಡ್ರೆ ಅದು ಜೇಮ್ಸ್ ಪಿ. ಜಾನ್ಸನ್ ಇರಬಹುದು, ಸ್ಟ್ರೈಡ್ ಅನ್ನೋ ಹಳೇ ಜಾಝ್ ಶೈಲೀಲಿ ಪಿಯಾನೋ ನುಡಿಸೋನು, ಎ ಪೋರ್ಟರ್ಸ್ ಲವ್ ಸಾಂಗ್ ಟು ಎ ಚೇಂಬರ್‌ಮೇಡ್ ಇಬ್ಬರೂ ಸೇರಿ ಮಾಡಿದ್ದು. ಇಲ್ಲಾ ಜೆ.ಸಿ. ಜಾನ್ಸನ್ ಇರಬಹುದು, ಅವನು ಬೇರೇನೇ ಮನುಷ್ಯ, ಲೂಯಿಸಿಯಾನ ಅನ್ನೋ ಹಾಡಲ್ಲೂ ದ ಜಾಯಿಂಟ್ ಈಸ್ ಜಂಪಿನ್ ಅನ್ನೋದ್ರಲ್ಲೂ ಇವನದ್ದು ಪಾಲು ಇದೆ. ಹಾಗಾಗಿ ಲೇಬಲ್ ನೋಡಿ ಸುಮ್ನೆ ಜಾನ್ಸನ್ ಅಂತ ಬರ್ಕೋಬೇಡಿ, ಕಾಪಿರೈಟ್ ಕ್ಯಾಟಲಾಗಿಂದ ಇನಿಷಿಯಲ್ ಖಚಿತ ಮಾಡ್ಕೊಂಡೇ ಬರ್ಕೊಳ್ಳಿ.

ಸುಳ್ಳು ಹೆಸರುಗಳೂ ಇವೆ. ಬೆಸ್ಸಿ ಸ್ಮಿತ್ 1929ರಲ್ಲಿ ಹಾಡಿದ ಕಿಚನ್ ಮ್ಯಾನ್ ರಜಾಫ್ ಬರೆದದ್ದು, ಜೊತೇಲಿ ಹಾಕಿರೋ ಇನ್ನೊಂದು ಹೆಸರು ಎಡ್ನಾ ಪಿಂಕರ್ಡ್ ಅನ್ನೋಳು ತನಗೆ ಇಟ್ಕೊಂಡಿದ್ದ ಗುಪ್ತನಾಮ. ಹಾಡು ಕೇಳಿದ್ರೆ ಯಾಕೆ ಗುಪ್ತನಾಮ ಅಂತ ಊಹೆ ಆಗುತ್ತೆ, ಅಡುಗೆಮನೆ ಸಾಮಾನು ಹೆಸರಿಸ್ತಾ ಹೆಸರಿಸ್ತಾ ನಮ್ಮ ಕಂಪನಿ ನಾಟಕದ ಕಾಮಿಡಿ ಪಾತ್ರದೋರೂ ನಾಚ್ಕೊಳ್ಳೋ ಅಷ್ಟು ಡಬಲ್ ಮೀನಿಂಗು. ಎಥೆಲ್ ವಾಟರ್ಸ್ 1928ರಲ್ಲಿ ಹಾಡಿದ ಮೈ ಹ್ಯಾಂಡಿ ಮ್ಯಾನ್ ಕೂಡ ಅದೇ ಜಾತಿ. ಈ ಥರದವು ರಜಾಫ್ ತುಂಬ ಬರೆದ, ಹೊಟ್ಟೆಪಾಡು. ಕೆಲವರು ಲಿಸ್ಟ್ ಮಾಡೋವಾಗ ಇವನ್ನ ಬಿಟ್ಟುಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಕೈಚಳಕ ಅಂದ್ರೆ ಏನು ಅಂತ ಇವುಗಳಲ್ಲೇ ಜಾಸ್ತಿ ಗೊತ್ತಾಗೋದು, ಒಂದು ಕೆಟ್ಟ ಶಬ್ದ ಬಳಸದೇ ಮೂರು ನಿಮಿಷ ಎಳೀತಾನೆ ಮಾರಾಯ.

ಪ್ಲೇಟು ಹುಡುಕೋದು

ಟೈಟಲ್ ಲಿಸ್ಟ್ ರೆಡಿ ಆಯ್ತಾ? ಈಗ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನೋರು ನಡೆಸೋ ಡಿಸ್ಕೋಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್ ಅನ್ನೋ ವೆಬ್‌ಸೈಟಿಗೆ ಹೋಗಿ, ಡಿಸ್ಕೋಗ್ರಫಿ ಅಂದ್ರೆ ರೆಕಾರ್ಡುಗಳ ಪಟ್ಟಿ. ವಿಕ್ಟರ್, ಕೊಲಂಬಿಯಾ, ಓಕೆ, ಬ್ರನ್ಸ್‌ವಿಕ್, ಎಡಿಸನ್ ಇಂಥ ಕಂಪನಿಗಳ ರೆಕಾರ್ಡಿಂಗ್ ವಿವರ ಎಲ್ಲ ಒಂದೇ ಕಡೆ ಹಾಕಿದಾರೆ. ಒಬ್ಬ ಮನುಷ್ಯನ ಹೆಸರು ಒತ್ತಿದ್ರೆ ಅವನು ಯಾವ ಯಾವ ರೆಕಾರ್ಡಿಂಗಲ್ಲಿ ಏನಾಗಿ ಇದ್ದ, ಮಾತು ಬರೆದೋನಾ, ಟ್ಯೂನ್ ಹಾಕಿದೋನಾ, ಹಾಡಿದೋನಾ ಅಂತ ಬೇರೆ ಬೇರೆಯಾಗಿ ತೋರಿಸುತ್ತೆ. ಇದು ಮುಖ್ಯ, ಯಾಕಂದ್ರೆ ರಜಾಫ್ ಕೆಲವು ಪ್ಲೇಟಲ್ಲಿ ತಾನೇ ಹಾಡಿದಾನೆ ಕೂಡ, ಅದನ್ನ ಬರೆದ ಲಿಸ್ಟ್ ಜೊತೆ ಕಲಸಬಾರದು.

ಆದ್ರೆ ಆ ಡೇಟಾಬೇಸಲ್ಲಿ ಹೆಸರು ಹೊಡೆದು ಬಂದದ್ದೇ ಪೂರ್ತಿ ಅಂತ ತಿಳ್ಕೋಬೇಡಿ. ಕಂಪನಿ ಲೆಡ್ಜರಲ್ಲಿ ಬರೆದೋರ ಹೆಸರು ಇಲ್ಲದೇ ಇದ್ರೆ ಅಲ್ಲೂ ಇರಲ್ಲ. ಅದಕ್ಕೇ ಮೊದಲೇ ಟೈಟಲ್ ಲಿಸ್ಟ್ ಮಾಡಿ ಅಂದಿದ್ದು, ಒಂದೊಂದು ಟೈಟಲನ್ನೂ ಬೇರೆ ಬೇರೆಯಾಗಿ ಹೊಡೆದು ನೋಡ್ಬೇಕು. ಬೇಜಾರಿನ ಕೆಲಸ ನಿಜ. ಸಾಯಂಕಾಲ ಕಾಫಿ ಮಾಡ್ಕೊಂಡು ಕೂತ್ರೆ ಆಗುತ್ತೆ.

ಲೈಬ್ರರಿ ಆಫ್ ಕಾಂಗ್ರೆಸ್ಸಿನೋರ ನ್ಯಾಷನಲ್ ಜೂಕ್‌ಬಾಕ್ಸ್ ಅಂತ ಒಂದಿದೆ, ತುಂಬಾ ಚೆನ್ನಾಗಿದೆ, ಆದ್ರೆ ಅಲ್ಲಿ ಇರೋದು ಹೆಚ್ಚಾಗಿ ಮೈಕ್ ಬರೋಕೆ ಮುಂಚಿನ, ಕೊಳವೆ ಮುಂದೆ ನಿಂತು ಹಾಡ್ತಿದ್ದ ಕಾಲದ ಪ್ಲೇಟುಗಳು, ಸುಮಾರು 1925ರವರೆಗೆ. ರಜಾಫ್‌ನ ದೊಡ್ಡ ಕೆಲಸ ಎಲ್ಲ ಅದರ ನಂತರದ್ದು. ನೀವು 1900ರ ಆಸುಪಾಸಿನ ಬರಹಗಾರರನ್ನ ಹುಡುಕ್ತಿದ್ರೆ ಮೊದಲು ಅಲ್ಲಿಗೇ ಹೋಗಿ, ರಜಾಫ್‌ಗೆ ಆದ್ರೆ ಇಂಟರ್ನೆಟ್ ಆರ್ಕೈವಲ್ಲಿರೋ, ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟುಗಳ 78 ಆರ್‌ಪಿಎಂ ವಿಭಾಗ ವಾಸಿ. ಅಲ್ಲಿ ಪ್ಲೇಟಿನ ಲೇಬಲ್ ಫೋಟೋ ಕೂಡ ಇರುತ್ತೆ, ಫೋಟೋ ಇದ್ರೆ ಕಣ್ಣಾರೆ ಓದಬಹುದು, ಇನ್ಯಾರೋ ಟೈಪ್ ಮಾಡಿದ್ದನ್ನ ನಂಬೋ ಕರ್ಮ ಇರಲ್ಲ.

ಲೇಬಲಲ್ಲಿ ಏನು ನೋಡ್ಬೇಕು? ಕಂಪನಿ ಹೆಸರು ಮತ್ತು ನಂಬರ್ ಗೊತ್ತೇ ಇದೆ, ಉದಾಹರಣೆಗೆ ಓಕೆ 8714. ಆ ನಂಬರಲ್ಲೇ ಒಂದು ಇತಿಹಾಸ ಇದೆ, ಓಕೆ ಕಂಪನಿಯ 8000 ಸೀರೀಸು ಕರಿಯ ಗಿರಾಕಿಗಳಿಗೆ ಅಂತ ಬೇರೆ ಮಾಡಿಟ್ಟಿದ್ದ "ರೇಸ್ ರೆಕಾರ್ಡ್" ಸೀರೀಸು. ಇದಲ್ಲದೆ ಲೇಬಲ್ ಸುತ್ತ ಪ್ಲೇಟಿನ ಮೇಲೇ ಕೆತ್ತಿರೋ ಇನ್ನೊಂದು ನಂಬರ್ ಇರುತ್ತೆ, ಮ್ಯಾಟ್ರಿಕ್ಸ್ ನಂಬರ್ ಅಂತಾರೆ, ಅದು ಆ ರೆಕಾರ್ಡಿಂಗಿನದ್ದೇ ಗುರುತು. ಒಂದೇ ರೆಕಾರ್ಡಿಂಗನ್ನ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಲೇಬಲಲ್ಲಿ, ಬೇರೆ ನಂಬರ್ ಹಾಕಿ ಮಾರಿರ್ತಾರೆ, ಮ್ಯಾಟ್ರಿಕ್ಸ್ ನೋಡದೇ ಇದ್ರೆ ಒಂದನ್ನೇ ನಾಲ್ಕು ಸಲ ಎಣಿಸ್ಕೊಂಡು ಲಿಸ್ಟ್ ಉದ್ದ ಮಾಡ್ಕೋತೀರ.

ಆಮೇಲೆ ಸಣ್ಣಕ್ಷರದಲ್ಲಿ "ಫಾಕ್ಸ್ ಟ್ರಾಟ್, ವೋಕಲ್ ರಿಫ್ರೇನ್" ಅಂತ ಇದ್ಯಾ ನೋಡಿ. ಹಾಗಿದ್ರೆ ಅದು ಡ್ಯಾನ್ಸ್ ಬ್ಯಾಂಡಿನ ಪ್ಲೇಟು. ಮುಕ್ಕಾಲು ಪಾಲು ವಾದ್ಯ, ಮಧ್ಯದಲ್ಲಿ ಒಬ್ಬ ಎದ್ದುನಿಂತು ಒಂದು ಸುತ್ತು ಹಾಡಿ ಕೂತ್ಕೋತಾನೆ. ಬರೆದೋನ ಮಾತು ಕೇಳಿಸೋದು ಅಷ್ಟೇ ಹೊತ್ತು.

ಈಗ ಕೇಳ್ಬೇಕು, ಅದೂ ಕೈಯಲ್ಲಿ ಶೀಟ್ ಮ್ಯೂಸಿಕ್ (ಮಾತು, ಸ್ವರ ಅಚ್ಚಾದ ಹಾಳೆ) ಇಟ್ಕೊಂಡು

ನನ್ನ ಪ್ರಕಾರ ನಿಜವಾದ ಕೆಲಸ ಶುರು ಆಗೋದೇ ಇಲ್ಲಿಂದ, ಬಹಳಷ್ಟು ಡಿಸ್ಕೋಗ್ರಫಿ ಮಾಡೋರು ಇಲ್ಲಿಗೆ ಬರೋ ಮುಂಚೇನೇ ನಿಲ್ಲಿಸ್ಬಿಡ್ತಾರೆ.

ಆ ಕಾಲದ ಅಮೆರಿಕನ್ ಹಾಡಿಗೆ ಎರಡು ಭಾಗ. ಮೊದಲು ವರ್ಸ್, ನಮ್ಮ ಸುಗಮ ಸಂಗೀತದಲ್ಲಿ ಪಲ್ಲವಿಗೆ ಮುಂಚೆ ಸಾಕಿ ಹಾಡ್ತಾರಲ್ಲ ಹಾಗೆ, ಸಂದರ್ಭ ಏನು, ಹೇಳ್ತಿರೋದು ಯಾರು ಅಂತ ಅಲ್ಲಿ ತಿಳಿಸ್ತಾರೆ. ಆಮೇಲೆ ಕೋರಸ್, ಸಾಮಾನ್ಯವಾಗಿ 32 ಬಾರ್ (ತಾಳದ ಆವರ್ತ) ಉದ್ದದ್ದು, ಜನಕ್ಕೆ ನೆನಪಿರೋದು ಅದೇ. ಹತ್ತಿಂಚಿನ ಪ್ಲೇಟಿನ ಒಂದು ಮುಖದಲ್ಲಿ ಹಿಡಿಯೋದು ಮೂರು ನಿಮಿಷದ ಆಸುಪಾಸು. ವಾದ್ಯಕ್ಕೆ ಜಾಗ ಬೇಕು, ಸೋಲೋಗೆ ಜಾಗ ಬೇಕು, ಹಾಗಾಗಿ ಕತ್ತರಿ ಬೀಳೋದು ವರ್ಸಿಗೆ. ಅಂದ್ರೆ ಬರೆದೋನ ಅರ್ಧ ಕೆಲಸ ಎಷ್ಟೋ ಪ್ಲೇಟಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಶೀಟ್ ಮ್ಯೂಸಿಕ್ ಬೇಕು ಅನ್ನೋದು, ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ಲೆವಿ ಕಲೆಕ್ಷನ್ ಥರದ ಕಡೆ ಹಳೇವು ಸ್ಕ್ಯಾನ್ ಸಿಗುತ್ವೆ.

ನಮ್ಮಲ್ಲೂ ಹೀಗೇ ಕೆಲಸ ಮಾಡಬಹುದು. 1934ರ ಸತಿ ಸುಲೋಚನಕ್ಕೆ ಹಾಡು ಬರೆದೋರು ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಸಿನಿಮಾದ ಪ್ರಿಂಟೇ ಉಳಿದಿಲ್ಲ. ಆ ಕಾಲದ ಸಿನಿಮಾಗಳ ಸಾಹಿತ್ಯ ಬೇಕು ಅಂದ್ರೆ ಟೆಂಟು ಥಿಯೇಟರಲ್ಲಿ ಆಣೆ ಲೆಕ್ಕದಲ್ಲಿ ಮಾರ್ತಿದ್ದ ಹಾಡಿನ ಪುಸ್ತಕಗಳನ್ನ ಹುಡುಕ್ಬೇಕು. ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ದಯವಿಟ್ಟು ರದ್ದಿಗೆ ಹಾಕ್ಬೇಡಿ, ಇದು ಬೇರೆ ಮಾತು.

ವರ್ಸ್ ಕತ್ತರಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಬ್ಲ್ಯಾಕ್ ಅಂಡ್ ಬ್ಲೂ ಹಾಡು ನೋಡಿ. 1929ರ ಜೂನಲ್ಲಿ ಹಾಟ್ ಚಾಕೊಲೇಟ್ಸ್ ಅನ್ನೋ ಶೋ ನ್ಯೂಯಾರ್ಕಿನ ಹಾರ್ಲೆಮಲ್ಲಿದ್ದ ಕಾನೀಸ್ ಇನ್ ಅನ್ನೋ ನೈಟ್‌ಕ್ಲಬ್ಬಿಂದ ಬ್ರಾಡ್‌ವೇಯ ಹಡ್ಸನ್ ಥಿಯೇಟರಿಗೆ ಬಂತು. ಅದರಲ್ಲಿ ಈ ಹಾಡು ಹಾಡಿದ್ದು ಎಡಿತ್ ವಿಲ್ಸನ್. ಈ ಶೋಗೆ ದುಡ್ಡು ಹಾಕಿದ್ದು ಡಚ್ ಷುಲ್ಟ್ಸ್ ಅನ್ನೋ ಗ್ಯಾಂಗ್‌ಸ್ಟರ್, ಕರಿ ಹೆಂಗಸೊಬ್ಬಳ ಗೋಳಿನ ಮೇಲೆ ಒಂದು ತಮಾಷೆ ಹಾಡು ಬೇಕು ಅಂತ ಅವನು ಹಠ ಹಿಡಿದ, ಆಗಲ್ಲ ಅಂದಿದ್ದಕ್ಕೆ ಗನ್ ತೋರಿಸಿದ ಅಂತ ರಜಾಫ್ ಆಮೇಲೆ ಹೇಳ್ಕೊಂಡಿದಾನೆ. ಬರೆದ ಹಾಡಿನ ವರ್ಸಲ್ಲಿ ಇರೋದು ಕಡುಗಪ್ಪು ಹೆಂಗಸೊಬ್ಬಳ ದೂರು, ತಿಳಿ ಬಣ್ಣದ ಹುಡುಗಿಯರಿಗೆಲ್ಲ ಜೋಡಿ ಸಿಗುತ್ತೆ, ನಂಗೆ ಮಾತ್ರ ಇಲ್ಲ ಅಂತ. ನಮ್ಮೂರ ಮದುವೆ ಜಾಹೀರಾತು ಓದಿದೋರಿಗೆ ಇದೇನೂ ಹೊಸ ವಿಷಯ ಅಲ್ಲ ಬಿಡಿ. ಶೋ ನೋಡೋಕೆ ಬಂದ ಬಿಳಿಯರು ಅಲ್ಲಿ ನಕ್ಕಿರ್ತಾರೆ, ಆ ನಗು ಬರೋ ಹಾಗೇನೇ ಬರೆದಿದಾನೆ. ಆದ್ರೆ ಕೋರಸ್ಸಿಗೆ ಬಂದು ಮುಂದೆ ಹೋಗ್ತಾ ಹೋಗ್ತಾ ಮಾತು ಮೆಲ್ಲಗೆ ತಿರುಗುತ್ತೆ, ಗಂಡು ಸಿಗದ ಗೋಳು ಹೋಗಿ, ಚರ್ಮದ ಬಣ್ಣವೇ ತಪ್ಪು ಅನ್ನೋ ದೇಶದಲ್ಲಿ ಬದುಕೋ ಗೋಳಾಗುತ್ತೆ. ನಗ್ತಿದ್ದೋರು ಏನು ಮಾಡ್ಬೇಕೋ ಗೊತ್ತಾಗದೆ ಕೂರ್ಬೇಕು.

ಇದನ್ನ ಆರ್ಮ್‌ಸ್ಟ್ರಾಂಗ್ 1929ರ ಜುಲೈ 22ಕ್ಕೆ ಓಕೆ ಕಂಪನಿಗೆ ರೆಕಾರ್ಡ್ ಮಾಡಿದ. ವರ್ಸಿನ ಮಾತು ಹಾಡಲೇ ಇಲ್ಲ, ಸೀದಾ ಕೋರಸ್. ಗಂಡಸಿನ ಕಂಠದಲ್ಲಿ, ಆ ಮುಂಚಿನ ಕಥೆ ಇಲ್ಲದೆ ಕೇಳಿದ್ರೆ ಜೋಡಿ ಸಿಗದ ಹೆಂಗಸು ಮಾಯ, ಒಂದಿಡೀ ಜನಾಂಗ ಎದ್ದುನಿಂತು ಮಾತಾಡಿದ ಹಾಗಿರುತ್ತೆ. ಇವತ್ತಿಗೆ ಜನ ಇದನ್ನ ಪ್ರತಿಭಟನೆಯ ಹಾಡು ಅಂತ ಹೇಳೋದು ಬಹುಪಾಲು ಈ ಪ್ಲೇಟಿಂದಾಗಿ. ಆಮೇಲೆ 1930ರ ಎಥೆಲ್ ವಾಟರ್ಸ್ ಪ್ಲೇಟು ಹಾಕಿ ಕೇಳಿ, ಹೆಣ್ಣಿನ ಕಂಠದಲ್ಲಿ ಅದೇ ಕೋರಸ್ಸಿನ ತೂಕ ಎಷ್ಟು ಬೇರೆ ಆಗುತ್ತೆ ಅಂತ ನೀವೇ ನೋಡಿ. ಕೆಲವರು ಆರ್ಮ್‌ಸ್ಟ್ರಾಂಗೇ ಹಾಡಿಗೆ ಅರ್ಥ ಕೊಟ್ಟ ಅಂತಾರೆ, ನಾನು ಒಪ್ಪಲ್ಲ. ಕೋರಸ್ಸಿನ ಒಂದಕ್ಷರಾನೂ ಅವನು ಬರೆದಿಲ್ಲ, ಆ ಅರ್ಥ ರಜಾಫ್ ಒಳಗೇ ಬಚ್ಚಿಟ್ಟಿದ್ದ, ಆರ್ಮ್‌ಸ್ಟ್ರಾಂಗ್ ಮೇಲಿನ ಮುಸುಕು ತೆಗೆದ ಅಷ್ಟೇ. ಸಣ್ಣ ಕೆಲಸ ಅಂತ ಹೇಳ್ತಿಲ್ಲ, ಆದ್ರೆ ಮುಸುಕಿನ ಕೆಳಗೆ ಏನೋ ಇದ್ದಿದ್ದಕ್ಕೆ ತಾನೇ ತೆಗೆದಾಗ ಕಂಡಿದ್ದು?

ಹಾಗಾಗಿ ನಿಮ್ಮ ಎಕ್ಸೆಲ್ ಶೀಟಲ್ಲಿ ಟೈಟಲ್, ಟ್ಯೂನ್ ಹಾಕಿದೋರು, ಹಾಡಿದೋರು, ತಾರೀಕು, ಕಂಪನಿ ನಂಬರ್, ಮ್ಯಾಟ್ರಿಕ್ಸ್ ಇವಿಷ್ಟರ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಹಾಕಿ: ಹಾಡಿದಾರಾ ಇಲ್ವಾ, ವರ್ಸ್ ಇದ್ಯಾ ಇಲ್ವಾ, ಮಾತು ಬದಲಾಯಿಸಿದಾರಾ. ಗಂಡಸರಿಗೆ ಬರೆದದ್ದನ್ನ ಹೆಂಗಸರು ಹಾಡೋವಾಗ ಬದಲಾಗುತ್ತೆ, ಫ್ಯಾಟ್ಸ್ ವಾಲರ್ ಅಂತೂ ಮಧ್ಯ ಮಧ್ಯ ತನ್ನದೇ ಒಗ್ಗರಣೆ ಹಾಕ್ತಾನೆ, ಅದು ರಜಾಫ್‌ದಲ್ಲ. 1934ರ ಮೇ ತಿಂಗಳಲ್ಲಿ ವಾಲರ್ ತನ್ನ ರಿದಮ್ ಅನ್ನೋ ಸಣ್ಣ ಬ್ಯಾಂಡ್ ಜೊತೆ ಮೊದಲ ಸಲ ವಿಕ್ಟರಿಗೆ ರೆಕಾರ್ಡ್ ಮಾಡಿದಾಗ ಆ ಪೋರ್ಟರ್ ಹಾಡೂ ಇತ್ತು, ಅದನ್ನ ಕೇಳ್ತಾ ಯಾವುದು ಬರೆದದ್ದು ಯಾವುದು ಬಾಯಿಗೆ ಬಂದದ್ದು ಅಂತ ಬೇರೆ ಮಾಡಿ ನೋಡಿ, ಒಳ್ಳೇ ಪ್ರಾಕ್ಟೀಸು.

ಮಾತೇ ಇಲ್ಲದ ಪ್ಲೇಟುಗಳು

ಏಂಟ್ ಮಿಸ್‌ಬಿಹೇವಿನ್ ಕೂಡ ಆ ಹಾಟ್ ಚಾಕೊಲೇಟ್ಸ್ ಶೋದ್ದೇ, ಟ್ಯೂನಲ್ಲಿ ವಾಲರ್ ಜೊತೆ ಹ್ಯಾರಿ ಬ್ರೂಕ್ಸ್ ಹೆಸರೂ ಇದೆ. ಆರ್ಮ್‌ಸ್ಟ್ರಾಂಗ್ ಅದನ್ನ 1929ರ ಜುಲೈ 19ಕ್ಕೆ ರೆಕಾರ್ಡ್ ಮಾಡಿದ, ಬ್ಲ್ಯಾಕ್ ಅಂಡ್ ಬ್ಲೂ ಇರೋ ಓಕೆ 8714 ಪ್ಲೇಟಿನ ಇನ್ನೊಂದು ಮುಖ ಅದು. ಆಗಸ್ಟ್ 2ಕ್ಕೆ ವಾಲರ್ ವಿಕ್ಟರಿಗೆ ರೆಕಾರ್ಡ್ ಮಾಡಿದ, ವಿಕ್ಟರ್ 22108. ಎರಡು ವಾರದ ಅಂತರ. ಆದ್ರೆ ಮೊದಲನೇದ್ರಲ್ಲಿ ಹಾಡಿದಾರೆ, ಎರಡನೇದು ಬರೀ ಪಿಯಾನೋ. ಆ ಎರಡನೇ ಪ್ಲೇಟನ್ನ ರಜಾಫ್ ಲಿಸ್ಟಿಗೆ ಸೇರಿಸ್ಬೇಕಾ ಬೇಡ್ವಾ?

ಇದಕ್ಕೆ ಒಂದೇ ಉತ್ತರ ಇಲ್ಲ, ನೀವು ಯಾಕೆ ಲಿಸ್ಟ್ ಮಾಡ್ತಿದೀರ ಅನ್ನೋದರ ಮೇಲಿದೆ. ಹಕ್ಕು, ದುಡ್ಡು ಲೆಕ್ಕದಲ್ಲಿ ನೋಡಿದ್ರೆ ಹಾಡಲಿ ಬಿಡಲಿ ಬರೆದೋನ ಹೆಸರು ಅದಕ್ಕೆ ಅಂಟಿಕೊಂಡೇ ಇರುತ್ತೆ. ಕೇಳೋ ಲೆಕ್ಕದಲ್ಲಿ ಅಲ್ಲಿ ರಜಾಫ್ ಇಲ್ಲ. ನಾನು ಸೇರಿಸ್ತೀನಿ, ಆದ್ರೆ "ಹಾಡಿಲ್ಲ" ಅಂತ ಗುರುತು ಹಾಕಿ. ಯಾಕಂದ್ರೆ ಸೇರಿಸದೇ ಹೋದ್ರೆ ಇನ್ ದ ಮೂಡ್ ಬಿಟ್ಟುಹೋಗುತ್ತೆ! ಗ್ಲೆನ್ ಮಿಲ್ಲರ್ 1939ರ ಆಗಸ್ಟ್ 1ಕ್ಕೆ ರೆಕಾರ್ಡ್ ಮಾಡಿದ್ದು, ಬ್ಲೂಬರ್ಡ್ ಲೇಬಲ್ಲು, ಆ ಕಾಲದ ಡ್ಯಾನ್ಸ್ ಸಂಗೀತ ಅಂದ ತಕ್ಷಣ ಜನ ಗುನುಗೋದೇ ಅದನ್ನ. ಟ್ಯೂನ್ ಜೋ ಗಾರ್ಲೆಂಡ್ ಹೆಸರಲ್ಲಿದೆ, ಆದ್ರೆ ಆ ಮುಖ್ಯ ಸ್ವರಗುಚ್ಛ 1930ರ ವಿಂಗಿ ಮನೋನ್ ಪ್ಲೇಟಲ್ಲೇ ಕೇಳಿಸುತ್ತೆ, 1931ರ ಫ್ಲೆಚರ್ ಹೆಂಡರ್ಸನ್ ಪ್ಲೇಟಲ್ಲೂ ಇದೆ. ಅದಕ್ಕೆ ಮಾತು ಬರೆದೋನು ರಜಾಫ್. ಆ ಮಾತು ಮಿಲ್ಲರ್ ಪ್ಲೇಟಲ್ಲಿ ಒಂದೂ ಇಲ್ಲ. ಇಂಥ ಕೆಲಸಕ್ಕೆ ಪಬ್ಲಿಷರುಗಳು ಕೈಗೆ ಒಂದಿಷ್ಟು ಡಾಲರ್ ಇಟ್ಟು ಕಳಿಸ್ತಿದ್ರು.

ಸ್ಟಾಂಪಿನ್ ಅಟ್ ದ ಸವಾಯ್ ಕೂಡ ಹಾಗೇ. ಎಡ್ಗರ್ ಸ್ಯಾಂಪ್ಸನ್ ಟ್ಯೂನು, 1934ರಲ್ಲಿ ಚಿಕ್ ವೆಬ್ ಬ್ಯಾಂಡು, 1936ರಲ್ಲಿ ಬೆನ್ನಿ ಗುಡ್‌ಮನ್, ಇಬ್ಬರೂ ವಾದ್ಯದಲ್ಲೇ ಮುಗಿಸಿದ್ರು, ಆದ್ರೆ ಬ್ಯಾಂಡ್ ಯಜಮಾನರ ಹೆಸರೂ ಕ್ರೆಡಿಟಲ್ಲಿ ಸೇರ್ಕೊಂಡುಬಿಟ್ಟಿದೆ. ಅದು ಆಗಿನ ಪದ್ಧತಿ, ನನ್ನ ಬ್ಯಾಂಡ್ ನುಡಿಸ್ಬೇಕಾ, ನನಗೂ ಒಂದು ಪಾಲು ಇಡು ಅಂತ. ಹಾಗಾಗಿ ಕ್ರೆಡಿಟಲ್ಲಿ ನಾಲ್ಕು ಹೆಸರು ಕಂಡ್ರೆ ನಾಲ್ಕೂ ಜನ ಕೂತು ಬರೆದ್ರು ಅಂತ ಅಂದ್ಕೋಬೇಡಿ. ರಜಾಫ್ ಮಾತು ಕೇಳ್ಬೇಕು ಅಂದ್ರೆ ಎಲ್ಲಾ ಫಿಟ್ಸ್‌ಜೆರಾಲ್ಡ್ ಮತ್ತು ಆರ್ಮ್‌ಸ್ಟ್ರಾಂಗ್ 1957ರಲ್ಲಿ ಜೊತೆಯಾಗಿ ಹಾಡಿದ್ದಕ್ಕೆ ಹೋಗಿ.

ಹೆಸರೇ ಇಲ್ಲದ ಹಾಡುಗಳು

ರಜಾಫ್ ಮತ್ತು ವಾಲರ್ ಕೈ ಖಾಲಿ ಆದಾಗ ಹಾಡು ಮಾರ್ತಿದ್ರು ಅನ್ನೋದು ಗೊತ್ತಿರೋ ವಿಷಯ. ಏಂಟ್ ಮಿಸ್‌ಬಿಹೇವಿನ್ ಥರದ ಹಾಡುಗಳನ್ನೇ ಒಂದು ಕಟ್ಟು ಕಟ್ಟಿ 500 ಡಾಲರಿಗೆ ಹಕ್ಕು ಕೊಟ್ಟುಬಿಟ್ರು ಅಂತ ಹೇಳ್ತಾರೆ. ಅಲ್ಲಿ ಹೆಸರಾದ್ರೂ ಉಳೀತು. ಹೆಸರನ್ನೂ ಸೇರಿಸಿ ಮಾರಿದ್ದು ಎಷ್ಟೋ. 1928ರ ಐ ಕಾಂಟ್ ಗಿವ್ ಯು ಎನಿಥಿಂಗ್ ಬಟ್ ಲವ್ ಜಿಮ್ಮಿ ಮೆಕ್‌ಹ್ಯೂ ಮತ್ತು ಡೊರೊಥಿ ಫೀಲ್ಡ್ಸ್ ಹೆಸರಲ್ಲಿದೆ, ಅದು ನಿಜಕ್ಕೂ ವಾಲರ್–ರಜಾಫ್ ಹಾಡು ಅಂತ ವಾದ ಮಾಡೋರಿದಾರೆ, ರಜಾಫ್ ಜೀವನಚರಿತ್ರೆ ಬರೆದೋರೂ ಈ ಮಾತು ಎತ್ತಿದಾರೆ. ಡೊರೊಥಿ ಫೀಲ್ಡ್ಸ್ ಆಮೇಲೆ ಬರೆದ ಹಾಡುಗಳನ್ನ ನೋಡಿದ್ರೆ ಆಕೆಗೂ ಅಂಥದ್ದು ಬರೆಯೋ ತಾಕತ್ತು ಖಂಡಿತ ಇತ್ತು, ಆದ್ದರಿಂದ ಹೇಳಿಕೆ ಕೇಳಿ ಹಾಡನ್ನ ಈ ಕಡೆಯಿಂದ ಆ ಕಡೆಗೆ ಎತ್ತಿ ಹಾಕೋದು ಸರಿಯಲ್ಲ. ಇಂಥವಕ್ಕೆ ಬೇರೆ ಒಂದು ಶೀಟ್ ಮಾಡಿ, ಯಾರು ಯಾವಾಗ ಹೇಳಿದ್ರು ಅಂತ ಬರ್ದಿಟ್ಕೊಳ್ಳಿ, ಮುಖ್ಯ ಲಿಸ್ಟಿಗೆ ಬೆರೆಸ್ಬೇಡಿ. ಇನ್ನೂ ಒಳಗೆ ಹೋಗೋ ಆಸೆ ಇದ್ದು ನ್ಯೂಯಾರ್ಕ್ ಕಡೆ ಇರೋ ಕನ್ನಡಿಗರಾದ್ರೆ ಹಾರ್ಲೆಮಿನ ಶೋಂಬರ್ಗ್ ಸೆಂಟರಲ್ಲಿ ರಜಾಫ್ ಕಾಗದಪತ್ರಗಳಿವೆ, ಹೋಗೋ ಮುಂಚೆ ನೋಡೋಕೆ ಅನುಮತಿ ಕೇಳ್ಕೊಳ್ಳಿ.

ಹಂಚ್ಕೊಳ್ಳೋದಾದ್ರೆ

ಲಿಸ್ಟ್ ಹಂಚ್ಕೊಳ್ಳೋದಕ್ಕೆ ಯಾರದ್ದೂ ಅಡ್ಡಿ ಇಲ್ಲ, ಆಡಿಯೋ ಹಾಕೋವಾಗ ಮಾತ್ರ ಹುಷಾರು. ಅಮೆರಿಕದ ಕಾನೂನಲ್ಲಿ ಹಾಡು ಬೇರೆ, ಅದರ ರೆಕಾರ್ಡಿಂಗ್ ಬೇರೆ. 1929ರಲ್ಲಿ ಅಚ್ಚಾದ ಹಾಡಿನ ಮಾತು, ಟ್ಯೂನು 2025ರ ಜನವರಿ 1ಕ್ಕೆ ಅಲ್ಲಿ ಎಲ್ಲರ ಸ್ವತ್ತಾಯ್ತು. ಆದ್ರೆ 1923ರಿಂದ 1946ರವರೆಗಿನ ರೆಕಾರ್ಡಿಂಗುಗಳಿಗೆ ನೂರು ವರ್ಷದ ರಕ್ಷಣೆ, ಅಂದ್ರೆ ಅದೇ 1929ರ ಪ್ಲೇಟಿಗೆ 2030ರವರೆಗೆ ಕಾಯ್ಬೇಕು. ಅಲ್ಲಿ ನೀವೇ ಹಾಡಿ ಹಾಕಿದ್ರೆ ತೊಂದ್ರೆ ಇಲ್ಲ, ಆರ್ಮ್‌ಸ್ಟ್ರಾಂಗ್ ಹಾಡಿದ್ದು ಹಾಕಿದ್ರೆ ಇದೆ. ವಿಚಿತ್ರ, ಆದ್ರೆ ಹಾಗೇ ಇದೆ.

ಇಷ್ಟೆಲ್ಲ ಮಾಡೋ ವ್ಯವಧಾನ ಇಲ್ಲ, ಆದ್ರೂ ರಜಾಫ್ ಬರವಣಿಗೆ ಒಂದ್ಸಲ ಕೇಳ್ಬೇಕು ಅನ್ನೋರು ಮ್ಯಾಕ್ಸೀನ್ ಸಲ್ಲಿವನ್ 1956ರಲ್ಲಿ ಪೂರ್ತಿ ಇವನ ಹಾಡುಗಳನ್ನೇ ಹಾಡಿ ಮಾಡಿದ ಎಲ್‌ಪಿ ಹುಡುಕಿ. ಆಕೆ ಕಿರುಚಲ್ಲ, ಎಳೆದಾಡಲ್ಲ, ಒಂದೊಂದು ಶಬ್ದಾನೂ ಬಿಡಿಸಿ ಇಡ್ತಾಳೆ. ಅದರಲ್ಲಿ ಯೂಬಿ ಬ್ಲೇಕ್ ಟ್ಯೂನಿನ ಮೆಮೊರೀಸ್ ಆಫ್ ಯು ಕೇಳಿ ಆದ್ಮೇಲೆ 1930ರ ಅಕ್ಟೋಬರಲ್ಲಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು ಹಾಕ್ಕೊಳ್ಳಿ, ಲಯೊನಲ್ ಹ್ಯಾಂಪ್ಟನ್ ವೈಬ್ರಫೋನ್ (ಲೋಹದ ಪಟ್ಟಿ ಬಡಿದು ನುಡಿಸೋ ವಾದ್ಯ) ನುಡಿಸಿದ ಪ್ಲೇಟು ಅದು. ಹಾಡು ಒಂದೇ, ಆದ್ರೆ ಎರಡರಲ್ಲಿ ಯಾವುದರಲ್ಲಿ ಎಷ್ಟು ಮಾತು ನಿಮ್ಮ ಕಿವಿಗೆ ಬಿತ್ತು ಅಂತ ಬರ್ದಿಟ್ಕೊಂಡು, ಆ ಸಾಲಿಂದಲೇ ನಿಮ್ಮ ಶೀಟ್ ಶುರು ಮಾಡಿ.